ಕೆಂಪು ಪಲ್ಲಟ ಅಳೆಯುವ ಕಸುಬು

ಗ್ಯಾಲಕ್ಸಿಯೊಂದರ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿದರೆ ಬಣ್ಣಗಳ ಪಟ್ಟಿಯ ನಡುನಡುವೆ ಗೆರೆಗಳು ಕಾಣುತ್ತವೆ. ಕ್ಯಾಲ್ಸಿಯಂ, ಹೈಡ್ರೋಜನ್ ಮುಂತಾದ ಧಾತುಗಳು ಮೂಡಿಸುವ ಈ ಗೆರೆಗಳು ಎಲ್ಲಿರಬೇಕೆಂಬುದು ಪ್ರಯೋಗಾಲಯದಿಂದ ಖಚಿತವಾಗಿ ಗೊತ್ತಿದೆ. ಅವು ಕೆಂಪಿನ ಕಡೆಗೆ ಜರುಗಿದ್ದರೆ ಗ್ಯಾಲಕ್ಸಿ ನಮ್ಮಿಂದ ದೂರ ಸಾಗುತ್ತಿದೆ. ಎಷ್ಟು ಜರುಗಿವೆ ಎಂಬುದರಿಂದ ಅದರ ವೇಗ ತಿಳಿಯುತ್ತದೆ. ಇದೇ ಕೆಂಪು ಪಲ್ಲಟ. ವಿಶ್ವದ ಹಿಗ್ಗುವಿಕೆಯನ್ನು ಚುರುಕುಗೊಳಿಸುವ, ಅದರ ಒಟ್ಟು ಶಕ್ತಿಯಲ್ಲಿ ಶೇ. 68ರಷ್ಟಿದೆ ಎನ್ನಲಾಗುವ ಕಪ್ಪುಶಕ್ತಿಯನ್ನು ಯಾವ ಉಪಕರಣವೂ ನೇರವಾಗಿ ಹಿಡಿದಿಲ್ಲ. ಅದರ ಸುಳಿವು ಸಿಕ್ಕಿದ್ದೇ ಈ ಗೆರೆಗಳನ್ನು ಅಳೆಯುವ ಕೆಲಸದಿಂದ. ಆ ಕೆಲಸಕ್ಕೆ ಈಗ ನೂರು ವರ್ಷ ದಾಟಿದೆ.

ಮೊದಲು ಅದಕ್ಕೆ ಕೈಹಾಕಿದವರು ಅಮೆರಿಕದ ಅರಿಜೋನಾದಲ್ಲಿ, ಫ್ಲ್ಯಾಗ್‌ಸ್ಟಾಫ್ ಊರಿನ ಲೊವೆಲ್ ವೀಕ್ಷಣಾಲಯದಲ್ಲಿದ್ದ ವೆಸ್ಟೊ ಸ್ಲೈಫರ್. ಸುರುಳಿಯಾಕಾರದ ನೀಹಾರಿಕೆಗಳು ನಮ್ಮ ಆಕಾಶಗಂಗೆಯ ಒಳಗಿವೆಯೋ ಹೊರಗಿವೆಯೋ ಎಂಬುದೇ ಆಗ ತೀರ್ಮಾನವಾಗಿರಲಿಲ್ಲ. 1912ರ ಸೆಪ್ಟೆಂಬರ್‌ನಲ್ಲಿ ಸ್ಲೈಫರ್ 24 ಅಂಗುಲದ ದೂರದರ್ಶಕವನ್ನು ಆಂಡ್ರೊಮಿಡಾ ನೀಹಾರಿಕೆಯತ್ತ ತಿರುಗಿಸಿ ಅದರ ರೋಹಿತ ತೆಗೆದರು. ಬೆಳಕು ಎಷ್ಟು ಮಂದವಾಗಿತ್ತೆಂದರೆ ಒಂದೇ ಗಾಜಿನ ತಟ್ಟೆಯನ್ನು ಹಲವು ರಾತ್ರಿ ಮತ್ತೆ ಮತ್ತೆ ಅದೇ ಗುರಿಗೆ ಒಡ್ಡಬೇಕಾಗುತ್ತಿತ್ತು. ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮ ಕಡೆಗೇ ಬರುತ್ತಿತ್ತು. ಆದರೆ ಮುಂದೆ ಅಳೆದ ನೀಹಾರಿಕೆಗಳಲ್ಲಿ ಹೆಚ್ಚಿನವು ದೂರ ಹೋಗುತ್ತಿದ್ದವು. 1917ರ ಹೊತ್ತಿಗೆ ಅವರ ಪಟ್ಟಿಯಲ್ಲಿದ್ದ 25 ನೀಹಾರಿಕೆಗಳಲ್ಲಿ 21 ಹೀಗೆ ದೂರ ಸರಿಯುವಂಥವೇ.

ವೇಗ ಸಿಕ್ಕರೂ ದೂರ ಗೊತ್ತಿರಲಿಲ್ಲ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಂಟೆಗೆ ಕೆಲವೇ ಸೆಂಟ್‌ಗಳ ಕೂಲಿಗೆ ಛಾಯಾಚಿತ್ರ ತಟ್ಟೆಗಳನ್ನು ಪರಿಶೀಲಿಸುತ್ತಿದ್ದ ಹೆನ್ರಿಯೆಟಾ ಲೆವಿಟ್ ಅದಕ್ಕೆ ದಾರಿ ಮಾಡಿಕೊಟ್ಟರು. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳ ಬೆಳಕು ಏರಿಳಿಯುವ ಅವಧಿಗೂ ಅವುಗಳ ನಿಜವಾದ ಪ್ರಕಾಶಕ್ಕೂ ನಂಟಿದೆಯೆಂದು 1912ರಲ್ಲಿ ಅವರ ಕೆಲಸ ತೋರಿಸಿತ್ತು. 1923ರಲ್ಲಿ ಎಡ್ವಿನ್ ಹಬಲ್ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ, 100 ಅಂಗುಲದ ದೂರದರ್ಶಕದಿಂದ ಆಂಡ್ರೊಮಿಡಾದೊಳಗೆ ಅಂಥದೊಂದು ನಕ್ಷತ್ರವನ್ನು ಗುರುತಿಸಿದರು. ಅದರ ನಿಜವಾದ ಪ್ರಕಾಶವನ್ನು ಕಾಣುವ ಪ್ರಕಾಶದೊಡನೆ ಹೋಲಿಸಿ ದೂರ ಲೆಕ್ಕಹಾಕಿದಾಗ, ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಆಚೆಗಿನ ಮತ್ತೊಂದು ಗ್ಯಾಲಕ್ಸಿ ಎಂಬುದು ನಿಶ್ಚಯವಾಯಿತು. ದೂರ ಹೆಚ್ಚಿದಷ್ಟೂ ಗ್ಯಾಲಕ್ಸಿಗಳ ವೇಗ ಹೆಚ್ಚುತ್ತದೆ ಎಂದು ಹಬಲ್ 1929ರಲ್ಲಿ ಪ್ರಕಟಿಸಿದರು. ಆ ಪ್ರಬಂಧದ ವೇಗಗಳಲ್ಲಿ ಬಹುಪಾಲು ಸ್ಲೈಫರ್ ಅಳೆದವು, ಅವರ ಹೆಸರು ಮಾತ್ರ ಅಲ್ಲಿರಲಿಲ್ಲ. ಖಗೋಳ ವಿಜ್ಞಾನದ ಚರಿತ್ರೆಯಲ್ಲಿ ಇದು ಸಣ್ಣ ಅನ್ಯಾಯವೇನಲ್ಲ.

ಹಬಲ್ ಅವರ ನಿಯಮವನ್ನು ಇನ್ನಷ್ಟು ದೂರಕ್ಕೆ ಒಯ್ದವರು ಮಿಲ್ಟನ್ ಹ್ಯೂಮಸನ್. ಹದಿನಾಲ್ಕನೇ ವಯಸ್ಸಿನಲ್ಲಿ ಶಾಲೆ ಬಿಟ್ಟ ಅವರು ಮೌಂಟ್ ವಿಲ್ಸನ್‌ನಲ್ಲಿ ವೀಕ್ಷಣಾಲಯ ಕಟ್ಟುವಾಗ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಹತ್ತಿಸುತ್ತಿದ್ದವರು. 1917ರಲ್ಲಿ ಅಲ್ಲಿಯೇ ಕಸ ಗುಡಿಸುವ ಕೆಲಸಕ್ಕೆ ಸೇರಿ, ರಾತ್ರಿಪಾಳಿಯ ಸಹಾಯಕರಾಗಿ, ಕೊನೆಗೆ ಖಗೋಳ ವಿಜ್ಞಾನಿಗಳ ಸಾಲಿಗೇ ಸೇರಿದರು. ದೂರದರ್ಶಕದ ಪಕ್ಕದಲ್ಲಿ ಚಳಿಯಲ್ಲಿ ಕುಳಿತು, ಗುರಿಯ ನಕ್ಷತ್ರ ತಂತುಗಳ ಅಡ್ಡಗೆರೆಯಿಂದ ಕದಲದಂತೆ ಗಂಟೆಗಟ್ಟಲೆ ಕಾಯುವುದು ಈ ಕಸುಬಿನ ಜೀವಾಳ. ಅದರಲ್ಲಿ ಹ್ಯೂಮಸನ್‌ರಷ್ಟು ಪಳಗಿದವರು ವಿರಳ. 1931ರ ವೇಳೆಗೆ ಅವರು ಸೆಕೆಂಡಿಗೆ ಸುಮಾರು 20,000 ಕಿ.ಮೀ. ವೇಗದ ಗ್ಯಾಲಕ್ಸಿಗಳನ್ನು ಅಳೆದಿದ್ದರು. ಪದವಿಯಿಲ್ಲದ ಈ ಮನುಷ್ಯನಿಗೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ 1950ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಹ್ಯೂಮಸನ್, ಲಿಕ್ ವೀಕ್ಷಣಾಲಯದ ನಿಕೊಲಾಸ್ ಮೇಯಲ್ ಮತ್ತು ಆಲನ್ ಸ್ಯಾಂಡೇಜ್ ಸೇರಿ 1956ರಲ್ಲಿ 800ಕ್ಕೂ ಹೆಚ್ಚು ಗ್ಯಾಲಕ್ಸಿಗಳ ಕೆಂಪು ಪಲ್ಲಟಗಳನ್ನು ಪ್ರಕಟಿಸಿದರು. ಇಪ್ಪತ್ತು ವರ್ಷಕ್ಕೂ ಮೀರಿದ ದುಡಿಮೆಯ ಫಲ ಅದು. ಛಾಯಾಚಿತ್ರ ತಟ್ಟೆಯನ್ನೇ ನೆಚ್ಚಿಕೊಂಡಿದ್ದರೆ ಕಸುಬು ಅಲ್ಲಿಗೇ ನಿಲ್ಲುತ್ತಿತ್ತು.

ಎಲೆಕ್ಟ್ರಾನಿಕ್ ಬೆಳಕುಗ್ರಾಹಕಗಳು ಬಂದದ್ದರಿಂದ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಹಾರ್ವರ್ಡ್-ಸ್ಮಿತ್ಸೋನಿಯನ್ ಕೇಂದ್ರದ ತಂಡ 1977ರಿಂದ ಅರಿಜೋನಾದ ಮೌಂಟ್ ಹಾಪ್ಕಿನ್ಸ್‌ನಲ್ಲಿ 1.5 ಮೀಟರಿನ ಸಾಧಾರಣ ದೂರದರ್ಶಕದಿಂದಲೇ ವ್ಯವಸ್ಥಿತ ಸಮೀಕ್ಷೆ ಆರಂಭಿಸಿತು. 1986ರಲ್ಲಿ ವ್ಯಾಲೆರಿ ದ ಲಾಪರೋ, ಮಾರ್ಗರೆಟ್ ಗೆಲ್ಲರ್, ಜಾನ್ ಹುಕ್ರಾ ಆಕಾಶದ ಒಂದು ಹೋಳಿನ ಸುಮಾರು 1,100 ಗ್ಯಾಲಕ್ಸಿಗಳನ್ನು ನಕ್ಷೆಗೆ ಇಳಿಸಿದಾಗ ಅವು ಸಮನಾಗಿ ಹರಡಿರಲಿಲ್ಲ. ಸೋಪಿನ ನೊರೆಯಲ್ಲಿ ಗುಳ್ಳೆಗಳ ಗೋಡೆಯಷ್ಟೇ ಕಾಣುವಂತೆ, ಬೃಹತ್ ಖಾಲಿ ಜಾಗಗಳ ಅಂಚಿಗೆ ಒತ್ತಿಕೊಂಡಿದ್ದವು. ವಿಶ್ವಕ್ಕೆ ಇಂಥ ಒಳವಿನ್ಯಾಸವಿದೆಯೆಂದು ಕಣ್ಣಿಗೆ ಕಟ್ಟಿಕೊಟ್ಟ ನಕ್ಷೆಗಳಲ್ಲಿ ಇದು ಎಲ್ಲಕ್ಕಿಂತ ಪ್ರಸಿದ್ಧವಾದದ್ದು.

ಗ್ಯಾಲಕ್ಸಿಗಳು ಹೀಗೆ ದೂರ ಸರಿಯುವುದು ವಿಶ್ವ ಹಿಗ್ಗುತ್ತಿರುವುದರ ಗುರುತು. ಹಿಗ್ಗುತ್ತಿದ್ದರೂ ಗುರುತ್ವದ ಸೆಳೆತದಿಂದ ಆ ವೇಗ ಕುಗ್ಗುತ್ತ ಬರುತ್ತಿರಬೇಕು ಎಂದು 1998ರವರೆಗೆ ಬಹುತೇಕ ಎಲ್ಲರೂ ನಂಬಿದ್ದರು. ಎಷ್ಟು ಕುಗ್ಗುತ್ತಿದೆ ಎಂದು ಕಂಡುಕೊಳ್ಳಲು ಎರಡು ತಂಡಗಳು ದೂರದಲ್ಲಿ ಸಿಡಿದ ನಕ್ಷತ್ರಗಳ, ಅಂದರೆ ಸೂಪರ್‌ನೋವಾಗಳ ಬೆನ್ನುಹತ್ತಿದವು. ಒಂದಕ್ಕೆ ಸಾಲ್ ಪರ್ಲ್‌ಮಟರ್ ನಾಯಕ, ಇನ್ನೊಂದರಲ್ಲಿ ಬ್ರಯನ್ ಶ್ಮಿಟ್ ಮತ್ತು ಆಡಮ್ ರೀಸ್ ಇದ್ದರು. ಒಂದು ನಿರ್ದಿಷ್ಟ ಬಗೆಯ ಸೂಪರ್‌ನೋವಾದ ಪ್ರಕಾಶ ಹೆಚ್ಚುಕಡಿಮೆ ಗೊತ್ತಿರುವುದರಿಂದ ಅದರ ದೂರ ಸಿಗುತ್ತದೆ. ಕೆಂಪು ಪಲ್ಲಟದಿಂದ ವಿಶ್ವ ಎಷ್ಟು ಹಿಗ್ಗಿದೆ ಎಂಬುದು ಸಿಗುತ್ತದೆ. 1998ರಲ್ಲಿ ಎರಡೂ ತಂಡಗಳಿಗೆ ಕಂಡದ್ದು ಒಂದೇ: ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿದ್ದವು, ಅಂದರೆ ಹೆಚ್ಚು ದೂರದಲ್ಲಿದ್ದವು. ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ಚುರುಕಾಗುತ್ತಿದೆ. ಈ ಚುರುಕಿಗೆ ಕಾರಣವಾದದ್ದಕ್ಕೆ ಮೈಕೆಲ್ ಟರ್ನರ್ ಕಪ್ಪುಶಕ್ತಿ ಎಂಬ ಹೆಸರಿಟ್ಟರು. ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೂ 2011ರ ನೊಬೆಲ್ ಪ್ರಶಸ್ತಿ ಬಂತು.

ಅನಿರೀಕ್ಷಿತವಾದ ಈ ಫಲಿತಾಂಶಕ್ಕೆ ಸೂಪರ್‌ನೋವಾಗಳನ್ನು ಅವಲಂಬಿಸದ ಬೇರೊಂದು ಸಾಕ್ಷಿ ಬೇಕಿತ್ತು. ಅದನ್ನು ಒದಗಿಸಿದ್ದು ಲಕ್ಷಗಟ್ಟಲೆ ಗ್ಯಾಲಕ್ಸಿಗಳ ನಕ್ಷೆ. ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ 400 ಗಾಜಿನ ಎಳೆಗಳಿಂದ ಏಕಕಾಲಕ್ಕೆ ಬೆಳಕು ಹಿಡಿಯುವ ಉಪಕರಣವೊಂದು 2002ರ ಒಳಗೆ ಎರಡು ಲಕ್ಷಕ್ಕೂ ಹೆಚ್ಚು ಗ್ಯಾಲಕ್ಸಿಗಳನ್ನು ಅಳೆಯಿತು. ನ್ಯೂ ಮೆಕ್ಸಿಕೊದ ಸ್ಲೋನ್ ಸಮೀಕ್ಷೆಯ ವಿಧಾನ ಬೇರೆ. ಆಕಾಶದ ಪ್ರತಿ ತುಂಡಿಗೂ ಒಂದೊಂದು ಅಲ್ಯೂಮಿನಿಯಂ ತಟ್ಟೆ. ಗ್ಯಾಲಕ್ಸಿಗಳಿರುವ ಸ್ಥಾನಕ್ಕೆ ಸರಿಯಾಗಿ ಸಿಯಾಟಲ್‌ನಲ್ಲಿ ಕೊರೆದ ರಂಧ್ರಗಳು. ಹಗಲಿನಲ್ಲಿ ತಂತ್ರಜ್ಞರು ಕುಳಿತು 640 ಎಳೆಗಳನ್ನು ಒಂದೊಂದಾಗಿ ಕೈಯಿಂದಲೇ ಆ ರಂಧ್ರಗಳಿಗೆ ಸಿಕ್ಕಿಸುತ್ತಿದ್ದರು. ಇತ್ತೀಚಿನ ಖಗೋಳ ವಿಜ್ಞಾನದ ದೊಡ್ಡ ಪ್ರಬಂಧಗಳ ಹಿಂದೆ ಈ ಬೆರಳುಗಳ ಕೆಲಸವಿದೆ.

ವಿಶ್ವ ಎಳೆಯದಾಗಿದ್ದಾಗ ಬಿಸಿ ಅನಿಲದಲ್ಲಿ ಹರಿದ ಶಬ್ದತರಂಗಗಳು ಒಂದು ಗುರುತು ಉಳಿಸಿವೆ: ಗ್ಯಾಲಕ್ಸಿ ಜೋಡಿಗಳು ಸುಮಾರು 50 ಕೋಟಿ ಜ್ಯೋತಿರ್ವರ್ಷಗಳ ಅಂತರದಲ್ಲಿ ಸ್ವಲ್ಪ ಹೆಚ್ಚಾಗಿ ಸಿಗುತ್ತವೆ. 2005ರಲ್ಲಿ ಎರಡೂ ಸಮೀಕ್ಷೆಗಳು ಈ ಗುರುತನ್ನು ಕಂಡವು. ಬೇರೆ ಬೇರೆ ಕಾಲದ ಗ್ಯಾಲಕ್ಸಿಗಳಲ್ಲಿ ಈ ಅಂತರವನ್ನು ಅಳೆದರೆ ವಿಶ್ವ ಯಾವ ಯಾವ ಕಾಲದಲ್ಲಿ ಎಷ್ಟು ಹಿಗ್ಗಿತೆಂಬ ಲೆಕ್ಕ ಸಿಗುತ್ತದೆ.

ಆ ಲೆಕ್ಕಕ್ಕೆಂದೇ ಕಟ್ಟಿದ್ದು ಡೆಸಿ ಎಂಬ ರೋಹಿತದರ್ಶಕ ಉಪಕರಣ. ಅರಿಜೋನಾದಲ್ಲಿ ಟೊಹೊನೊ ಓಡಮ್ ಜನರ ನೆಲವಾದ ಕಿಟ್ ಪೀಕ್ ಬೆಟ್ಟದ ಮೇಲೆ, 4 ಮೀಟರಿನ ದೂರದರ್ಶಕಕ್ಕೆ ಅದನ್ನು ಜೋಡಿಸಿದ್ದಾರೆ. ಆ ದೂರದರ್ಶಕಕ್ಕೆ ಒಂದೊಂದೇ ಗ್ಯಾಲಕ್ಸಿ ಅಳೆದ ನಿಕೊಲಾಸ್ ಮೇಯಲ್ ಅವರದೇ ಹೆಸರಿರುವುದು ಉಚಿತವಾಗಿದೆ. 5,000 ಪುಟ್ಟ ರೋಬಾಟ್‌ಗಳು ಕೆಲವೇ ನಿಮಿಷಗಳಲ್ಲಿ ತಮ್ಮ ಎಳೆಗಳನ್ನು ಹೊಸ ಗುರಿಗಳಿಗೆ ಹೊಂದಿಸುತ್ತವೆ. ಸುಮಾರು 20 ನಿಮಿಷ ಬೆಳಕು ಹಿಡಿದು ಮುಂದಿನ ತುಂಡಿಗೆ ಸಾಗುತ್ತವೆ. 2021ರ ಮೇ ತಿಂಗಳಲ್ಲಿ ಸಮೀಕ್ಷೆ ಶುರುವಾಯಿತು. 2022ರ ಜೂನ್‌ನಲ್ಲಿ ಕಾಳ್ಗಿಚ್ಚು ಬೆಟ್ಟ ಹತ್ತಿ ವಸತಿಗೃಹ ಸೇರಿ ನಾಲ್ಕು ಕಟ್ಟಡಗಳನ್ನು ಸುಟ್ಟಿತು. ದೂರದರ್ಶಕಗಳು ಉಳಿದವು, ಸೆಪ್ಟೆಂಬರ್‌ನಲ್ಲಿ ಅಳತೆ ಮತ್ತೆ ಆರಂಭವಾಯಿತು.

2025ರ ಮಾರ್ಚ್‌ನಲ್ಲಿ ಡೆಸಿ ತಂಡ ಸುಮಾರು 1.5 ಕೋಟಿ ಗ್ಯಾಲಕ್ಸಿ ಮತ್ತು ಅತಿ ಪ್ರಕಾಶಮಾನವಾದ ಗ್ಯಾಲಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳ ಅಳತೆಯನ್ನು ಆಧರಿಸಿದ ಫಲಿತಾಂಶ ಹೊರತಂದಿತು. ಸೂಪರ್‌ನೋವಾ ಮತ್ತು ವಿಶ್ವ ಎಳೆಯದಾಗಿದ್ದಾಗಿನಿಂದ ಉಳಿದುಬಂದಿರುವ ಆದಿಬೆಳಕಿನ ಮಾಹಿತಿಯೊಡನೆ ಸೇರಿಸಿ ನೋಡಿದಾಗ ಕಪ್ಪುಶಕ್ತಿ ಸ್ಥಿರವಾಗಿಲ್ಲ, ಕಾಲ ಕಳೆದಂತೆ ದುರ್ಬಲವಾಗುತ್ತಿರಬಹುದು ಎಂಬ ಸೂಚನೆ ಅದರಲ್ಲಿದೆ. ಯಾವ ಸೂಪರ್‌ನೋವಾ ಪಟ್ಟಿಯನ್ನು ಬಳಸಿದರು ಎಂಬುದನ್ನು ಅವಲಂಬಿಸಿ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಆ ಸೂಚನೆಯ ಬಲ 2.8ರಿಂದ 4.2 ಸಿಗ್ಮಾ. ಭೌತವಿಜ್ಞಾನದಲ್ಲಿ ಆವಿಷ್ಕಾರ ಎನ್ನಿಸಿಕೊಳ್ಳಲು 5 ಸಿಗ್ಮಾ ಬೇಕು.