ಲಯ ತಪ್ಪಿದ ಹೃದಯಕ್ಕೆ ಕ್ಯಾಥೆಟರ್ ಅಬ್ಲೇಷನ್

ಎರಡು ವರ್ಷಗಳ ಹಿಂದೆ, ನನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ, ಇಲ್ಲಿ ನ್ಯೂಜೆರ್ಸಿಯಲ್ಲಿ ನಾನು ಕ್ಯಾಥೆಟರ್ ಅಬ್ಲೇಷನ್ ಎಂಬ ಚಿಕಿತ್ಸೆಗೆ ಒಳಗಾದೆ. ಸುದ್ದಿ ತಿಳಿದ ಅಕ್ಕ ಮೈಸೂರಿನಿಂದ ಫೋನು ಮಾಡಿ, "ಸ್ಟೆಂಟ್ ಹಾಕಿದರೇನೋ?" ಎಂದು ಕೇಳಿದಳು. ಅನೇಕರ ಪ್ರಶ್ನೆಯೂ ಇದೇ. ಸ್ಟೆಂಟು ಹೃದಯಕ್ಕೆ ರಕ್ತ ಒದಗಿಸುವ ನಾಳದ ತಡೆಯನ್ನು ನಿವಾರಿಸುತ್ತದೆ. ಅಬ್ಲೇಷನ್ ಹೃದಯದ ವಿದ್ಯುತ್ ವ್ಯವಸ್ಥೆಯ ದೋಷವನ್ನು ಸರಿಪಡಿಸಲು ಯತ್ನಿಸುತ್ತದೆ.

ಹೃದಯಬಡಿತಕ್ಕೆ ಪ್ರೇರಣೆ ಹೊರಡುವುದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಅಂಗಾಂಶದಿಂದ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಇದನ್ನು ವರ್ಣಿಸಿದರು. ವಿಶ್ರಾಂತಿಯಲ್ಲಿ ಇದು ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಬಡಿತಗಳನ್ನು ನಡೆಸುತ್ತದೆ. ನನಗಿದ್ದ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯಲ್ಲಿ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸದೆ ಬರಿದೆ ಕಂಪಿಸುತ್ತವೆ. ಆಗ ಎಡ ಹೃತ್ಕರ್ಣದ ಮೂಲೆಯ ಚೀಲದಂತಹ ಭಾಗದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಸಾಗಿದರೆ ಪಾರ್ಶ್ವವಾಯು.

ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಐಸಾಗೇರ್ ಮತ್ತು ಸಂಗಡಿಗರು 1998ರಲ್ಲಿ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ 45 ರೋಗಿಗಳಲ್ಲಿ ಈ ಲಯಭಂಗವನ್ನು ಹುಟ್ಟಿಸುವ ಕಿಡಿಗಳಲ್ಲಿ ಹೆಚ್ಚಿನವು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಒಳಗೇ ಇದ್ದವು. ಇಂದಿನ ಚಿಕಿತ್ಸೆಯ ತಳಹದಿ ಇದೇ.

ವೈದ್ಯರು ತೊಡೆಸಂದಿನ ಅಭಿಧಮನಿಯ ಮೂಲಕ ತೆಳುವಾದ ಕೊಳವೆಗಳನ್ನು ಬಲ ಹೃತ್ಕರ್ಣಕ್ಕೆ ಒಯ್ದು, ನಡುವಿನ ಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟಿಸುತ್ತಾರೆ. ಬಳಿಕ ಆ ಅಭಿಧಮನಿಗಳ ಬಾಯಿಯ ಸುತ್ತ ಅಂಗಾಂಶವನ್ನು ಸುಡುತ್ತಾರೆ, ಇಲ್ಲವೆ ಹೆಪ್ಪುಗಟ್ಟುವಷ್ಟು ತಣಿಸುತ್ತಾರೆ. ಇತ್ತೀಚೆಗೆ ಅತಿ ಕ್ಷಣಿಕ ವಿದ್ಯುತ್ ಮಿಡಿತಗಳೂ ಬಳಕೆಗೆ ಬಂದಿವೆ. ಅಮೆರಿಕದಲ್ಲಿ ಈ ವಿಧಾನಕ್ಕೆ ಮೊದಲ ಅನುಮತಿ ದೊರೆತದ್ದು 2023ರ ಡಿಸೆಂಬರಿನಲ್ಲಿ. ಹೀಗೆ ಉಂಟಾದ ಕಲೆಯು ಬೇಲಿಯಂತೆ ನಿಂತು ಕಿಡಿಗಳನ್ನು ಹೊರಬಿಡುವುದಿಲ್ಲ.

ಅಪಾಯಗಳು ವಿರಳವಾದರೂ ಇಲ್ಲದಿಲ್ಲ: ತೊಡೆಸಂದಿನಲ್ಲಿ ರಕ್ತಸ್ರಾವ, ಹೃದಯದ ಸುತ್ತ ರಕ್ತ ತುಂಬುವುದು, ಪಾರ್ಶ್ವವಾಯು, ಬಹು ಅಪರೂಪವಾಗಿ ಹಿಂಬದಿಯ ಅನ್ನನಾಳಕ್ಕೆ ಗಾಯ. ಮೊದಲ ಎರಡು ಮೂರು ತಿಂಗಳು ಲಯ ಆಗಾಗ ತಪ್ಪಿದರೆ ಅದನ್ನು ವೈಫಲ್ಯವೆಂದು ಎಣಿಸುವುದಿಲ್ಲ, ಗಾಯ ಮಾಯಬೇಕು. ಕೆಲವರಿಗೆ ಎರಡನೆಯ ಬಾರಿಯೂ ಬೇಕಾಗುತ್ತದೆ.

ಆರು ತಿಂಗಳ ಬಳಿಕ ನನ್ನ ನಾಡಿ ಸರಿಯಾಗಿತ್ತು. "ಇನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬಿಡಬಹುದಲ್ಲವೇ?" ಎಂದು ಕೇಳಿದೆ. ವೈದ್ಯರು ಒಪ್ಪಲಿಲ್ಲ. ಆ ಮಾತ್ರೆಯ ನಿರ್ಧಾರ ನಾಡಿಯನ್ನು ನೋಡಿ ಆಗುವುದಲ್ಲ. ವಯಸ್ಸು, ರಕ್ತದೊತ್ತಡ, ಮಧುಮೇಹ, ಹೃದಯ ವೈಫಲ್ಯ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದನ್ನು ತೂಗಿ ಆಗುವುದು. ನನಗೆ ರಕ್ತದೊತ್ತಡವೂ ಮಧುಮೇಹವೂ ಇವೆ. ಲಯಭಂಗವು ಅರಿವಿಗೆ ಬಾರದಂತೆ ಮರಳಲೂಬಹುದು. "ಹೃದಯ ಸರಿಹೋಯಿತು" ಎಂಬ ಸಮಾಧಾನದಲ್ಲಿ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ, ಯಾವ ಆಪತ್ತಿಗೆ ಅಂಜಿ ಚಿಕಿತ್ಸೆಗೆ ಹೋದೆವೋ ಅದನ್ನೇ ಮನೆಗೆ ಕರೆದಂತೆ. ಅಕ್ಕನಿಗೆ ನಾನು ಕೊನೆಗೆ ಹೇಳಿದ್ದೂ ಇಷ್ಟೇ: ಬೇಲಿ ಹಾಕಿದ್ದಾರೆ, ಕಾವಲು ಮಾತ್ರ ತಪ್ಪಿಲ್ಲ.