ಗೋಕಾಕ ಸೀಮೆಯಲ್ಲಿ ಶಿಶುಶಿಕ್ಷಣ ಮತ್ತು ಸರಕಾರದ ನೀತಿ

ಶಿಕ್ಷಣದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಲೆಯ ಹೊಸ್ತಿಲಿನಿಂದಲೇ ಆರಂಭಿಸುತ್ತಾರೆ. ಆ ಹೊಸ್ತಿಲನ್ನು ಇನ್ನೂ ದಾಟದ, ಎಂದರೆ ಆರು ವರ್ಷ ತುಂಬದ ಕೂಸಿನ ವಿಷಯದಲ್ಲಿ ಸರಕಾರವು ಯಾವಾಗ, ಯಾವ ಕಾರಣದಿಂದ ಆಸ್ಥೆ ತಳೆಯಿತೆಂಬುದು ಬೇರೆಯೇ ಪ್ರಶ್ನೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮಟ್ಟಿಗೆ ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸರಕಾರವು ಶಿಶುವನ್ನು ಮೊದಲು ದುಡಿಯುವ ತಾಯಿಯ ಕಂಕುಳಿನ ಭಾರವೆಂದು ಕಂಡಿತು. ಬಳಿಕ ಹಸಿದ ಹೊಟ್ಟೆಯೆಂದು ಕಂಡಿತು. ಕಲಿಯುವ ಜೀವವೆಂದು ಕಂಡದ್ದು ತೀರ ಈಚೆಗೆ. ಇಂದಿನ ಗೊಂದಲಗಳ ಮೂಲ ಈ ಅನುಕ್ರಮದಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ.

ಮೂರು ತಾಲೂಕುಗಳೆಂಬ ವಿಭಾಗ ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಕ್ಕೇರಿಯು ಚಿಕ್ಕೋಡಿ ತಾಲೂಕಿನಲ್ಲಿತ್ತು. ಮೂಡಲಗಿಯು ಗೋಕಾಕದಿಂದ ಬೇರ್ಪಟ್ಟದ್ದು ನಮ್ಮ ಕಾಲದ ಸಂಗತಿ. 1818ರಲ್ಲಿ ಪೇಶವೆಯರ ಆಳಿಕೆ ಮುಗಿದ ಮೇಲೆ ಈ ಪ್ರದೇಶವು ಮುಂಬಯಿ ಪ್ರಾಂತದ ಆಡಳಿತಕ್ಕೆ ಬಂದಿತು. ಅಲ್ಲಿಯವರೆಗೆ ಅಕ್ಷರ ಕಲಿಸುತ್ತಿದ್ದುದು ಗಾಂವಠಿ ಶಾಲೆ, ಕೂಲಿಮಠ. 1869ರ ಕಾಯದೆಯು ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯ ಕರವನ್ನು ವಿಧಿಸಿ, ಅದರ ಮೂರನೆಯ ಒಂದು ಪಾಲನ್ನು ಶಾಲೆಗಳಿಗೆ ಮೀಸಲಿಟ್ಟಿತು. ರೈತನ ಒಂದಾಣೆಯಿಂದ ಹಳ್ಳಿಯ ಕನ್ನಡ ಶಾಲೆ ಬೆಳೆಯಿತು. ಆದರೆ ಆ ಹಣ ಹುಡುಗನು ಓದುಬರಹಕ್ಕೆ ತಕ್ಕ ವಯಸ್ಸಿನವನಾದ ಮೇಲೆಯೇ ಅವನಿಗೆ ದಕ್ಕುತ್ತಿತ್ತು. ಒಂದನೆಯ ಇಯತ್ತೆಯ ಕೆಳಗಿನ ‘ಬಿಗರಿ’ ಶಿಶುಗಳಿಗೆಂದೇ ರೂಪಿಸಿದ ವರ್ಗವಲ್ಲ. ಅದು ಮುಂದಿನ ಪಾಠಕ್ಕೆ ಕಾಯುವ ಪಡಸಾಲೆಯಾಗಿತ್ತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಹಗುರ ಕಟ್ಟಿಗೆಯಿಂದ ಮಾಡಿದ ಗೋಕಾಕದ ಬಣ್ಣದ ಬೊಂಬೆಗಳೂ ಹಣ್ಣುಗಳೂ ದೂರದ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದವೆಂದು ಆಂಗ್ಲರ ಗ್ಯಾಸೆಟಿಯರುಗಳು ಮೆಚ್ಚಿ ಬರೆದಿವೆ. ಅದೇ ಕಾಲದಲ್ಲಿ ಜರ್ಮನಿಯ ಫ್ರೋಬೆಲನ ಅನುಯಾಯಿಗಳು ಕಟ್ಟಿಗೆಯ ಗುಂಡು, ಘನಗಳನ್ನು ಮಕ್ಕಳ ಕೈಗೆ ಕೊಟ್ಟು ಕಲಿಸುವ ಪದ್ಧತಿಯನ್ನು ಯುರೋಪಿನಲ್ಲೆಲ್ಲ ಹರಡುತ್ತಿದ್ದರು. ಆಟಿಕೆಗೆ ಹೆಸರಾದ ನಮ್ಮ ಊರಿನಲ್ಲಿ ಆಟಿಕೆಯು ಕೈಗಾರಿಕೆಯಾಗಿ ದಾಖಲಾಯಿತೇ ಹೊರತು ವಿದ್ಯಾಸಾಧನವಾಗಿ ಅಲ್ಲ.

ಮಕ್ಕಳ ವಯಸ್ಸನ್ನು ಕಾಯದೆಯು ಮೊದಲು ಲೆಕ್ಕಕ್ಕೆ ತೆಗೆದುಕೊಂಡದ್ದು ಗಿರಣಿಯ ಬಾಗಿಲಲ್ಲಿ. 1885ರಲ್ಲಿ ಕಂಪನಿ ಸ್ಥಾಪನೆಯಾಗಿ, ಘಟಪ್ರಭೆಯ ಧಬಧಬೆಯ ನೀರಿನ ಬಲದಿಂದ 1887ರಲ್ಲಿ ಗೋಕಾಕದ ನೂಲಿನ ಗಿರಣಿ ನಡೆಯತೊಡಗಿತು. ಆಗ ಜಾರಿಯಲ್ಲಿದ್ದ 1881ರ ಕಾರಖಾನೆ ಕಾಯದೆಯು ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದೆಂದಿತು. ಏಳು ತುಂಬಿದವನನ್ನು ದಿನಕ್ಕೆ ಒಂಬತ್ತು ತಾಸು ದುಡಿಸಬಹುದಾಗಿತ್ತು. ಈ ಮಿತಿಯು 1891ರಲ್ಲಿ ಒಂಬತ್ತು ವರ್ಷಕ್ಕೂ 1922ರಲ್ಲಿ ಹನ್ನೆರಡಕ್ಕೂ ಏರಿತು. ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆಯು ಆರರಿಂದ ಹತ್ತು ವರ್ಷದವರಿಗೆ ಶಾಲೆಯನ್ನು ಕಡ್ಡಾಯ ಮಾಡಬಯಸಿ ಮರುವರ್ಷವೇ ಬಿದ್ದುಹೋಯಿತು. ಕೆಲಸದ ಮಿತಿಯನ್ನು ಏರಿಸಲು ಒಪ್ಪಿದ ಶಾಸನಸಭೆಯು ಕೆಲಸದಿಂದ ಬಿಡುಗಡೆಯಾದ ಮಗುವನ್ನು ಎಲ್ಲಿ ಕೂಡಿಸಬೇಕೆಂಬುದನ್ನು ಯೋಚಿಸಲಿಲ್ಲ.

ಕೂಸಿನ ಸರದಿ ಬಂದದ್ದು ತಾಯಿಯ ಮೂಲಕ. 1934ರ ಕಾಯದೆಯು 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರಖಾನೆಯಲ್ಲಿ ಮಕ್ಕಳ ಕೋಣೆಯನ್ನು ಕೇಳುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಕೊಟ್ಟಿತು. 1948ರ ಕಾಯದೆಯ 48ನೆಯ ಕಲಮು ಆರು ವರ್ಷದೊಳಗಿನ ಮಕ್ಕಳಿಗಾಗಿ ಅದನ್ನು ಕಡ್ಡಾಯಗೊಳಿಸಿ, ತರಬೇತಾದ ಹೆಂಗಸರೇ ಅದನ್ನು ನೋಡಿಕೊಳ್ಳಬೇಕೆಂದಿತು. ಆದರೆ ಈ ಸೀಮೆಯ ಬಹುಮಂದಿ ಹೆಂಗಸರು ದುಡಿಯುವುದು ಹೊಲದಲ್ಲಿ, ಕಬ್ಬಿನ ಗದ್ದೆಯಲ್ಲಿ. ಬದುವಿನ ಮರಕ್ಕೆ ಕಟ್ಟಿದ ಜೋಳಿಗೆಯ ತೊಟ್ಟಿಲಿಗೆ 48ನೆಯ ಕಲಮು ತಲುಪುವಂತಿರಲಿಲ್ಲ. ಉದ್ಯೋಗಖಾತರಿಯ ಕೂಲಿಕಾರ ತಾಯಂದಿರಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ಕರ್ನಾಟಕ ಸರಕಾರವು 2023ರಲ್ಲಿ ಪ್ರಕಟಿಸಿತು. ಗಿರಣಿಯ ಕಲಮಿಗೂ ಅದಕ್ಕೂ ನಡುವೆ 75 ವರ್ಷಗಳ ಅಂತರವಿದೆ.

ಶಿಶುಶಿಕ್ಷಣದ ಶಾಸ್ತ್ರೀಯ ಪ್ರಯೋಗಗಳು ಮುಂಬಯಿ ಪ್ರಾಂತಕ್ಕೆ ಅಪರಿಚಿತವಾಗಿರಲಿಲ್ಲ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ ಅವರು 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೇಂದ್ರವನ್ನಾರಂಭಿಸಿ, ಬಾಲವಾಡಿಗೆ ಬಾರದ ಮಕ್ಕಳ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. ಅಂಗನವಾಡಿಯೆಂಬ ಹೆಸರು ಹುಟ್ಟಿದ್ದು ಹೀಗೆ. ಆಗ ಬೋರ್ಡಿಯೂ ಗೋಕಾಕವೂ ಒಂದೇ ಪ್ರಾಂತದಲ್ಲಿದ್ದವು. 1944ರ ಸಾರ್ಜೆಂಟ್ ವರದಿಯು ದೇಶಕ್ಕೆಲ್ಲ ಹತ್ತು ಲಕ್ಷ ಶಿಶುಗಳಿಗೆ ಸ್ಥಳಾವಕಾಶವನ್ನು ಸೂಚಿಸಿತ್ತು. ಆದರೂ 1947ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯದೆಯಾಗಲಿ, ಏಕೀಕರಣದ ಬಳಿಕ ಬಂದ 1961ರ ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯದೆಯಾಗಲಿ ಶಿಶುವನ್ನು ತನ್ನ ಹೊಣೆಯೊಳಗೆ ತೆಗೆದುಕೊಳ್ಳಲಿಲ್ಲ. ಬಾಲವಾಡಿಯು 1953ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಪಾಲಿಗೆ ಹೋಯಿತು. ಹೀಗೆ ಶಿಶುವು ಶಿಕ್ಷಣಖಾತೆಯ ಕೈತಪ್ಪಿತು.

1975ರ ಅಕ್ಟೋಬರ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಟಿ. ನರಸೀಪುರ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯತಪಾಸಣೆಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಯೋಜನೆಯ ಅಂಗವಾಗಿತ್ತು. ಅನ್ನದ ಅಗತ್ಯವನ್ನು ಅಲ್ಲಗಳೆಯುವವರಾರು? ಆದರೆ ತೂಗಿ ಲೆಕ್ಕವಿಡಬಹುದಾದ ಅನ್ನವು ಲೆಕ್ಕಕ್ಕೆ ಸಿಗದ ಕಲಿಕೆಯನ್ನು ಹಿಂದಕ್ಕೆ ಸರಿಸಿತು. 2002ರ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರೊಳಗಿನವರನ್ನು ಮಾತ್ರ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿಯೇ ಉಳಿಸಿತು. 2009ರ ಕಾಯದೆಯ 11ನೆಯ ಕಲಮಿನಲ್ಲಿಯೂ ಅವರ ವಿಷಯದಲ್ಲಿ ನಿರ್ಬಂಧವಿಲ್ಲ. ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಘಟ್ಟವೆಂದು ಎಣಿಸಿದ್ದು 2020ರ ರಾಷ್ಟ್ರೀಯ ನೀತಿ.

ಆಡಳಿತದಲ್ಲಿ ಆ ಘಟ್ಟ ಇಂದಿಗೂ ಎರಡಾಗಿ ಸೀಳಿದೆ. ಈ ಮೂರು ತಾಲೂಕುಗಳ ಶಾಲೆಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಅಂಗನವಾಡಿಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ಬೆಳಗಾವಿಗೆ ಉತ್ತರ ಕೊಡುತ್ತವೆ. ಆರು ವರ್ಷ ತುಂಬಿದ ದಿನ ಮೂಡಲಗಿಯ ಮಗು ಓಣಿಯನ್ನು ಬದಲಿಸದೆ ಇಲಾಖೆಯನ್ನು ಬದಲಿಸುತ್ತದೆ. ಸರಕಾರಿ ಶಾಲೆಗಳಲ್ಲಿಯೇ ಶಾಲಾಪೂರ್ವ ತರಗತಿಗಳನ್ನು ತೆರೆಯಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ಈ ಸೀಳಿನ ಫಲವೇ. ಅವರು ನಾಗರಿಕ ಹುದ್ದೆಯನ್ನು ಹೊಂದಿದವರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಮಾನಿಸಿದ್ದು ಕರ್ನಾಟಕದಿಂದ ಹೋದ ಅಮೀರ್‌ಬಿ ಪ್ರಕರಣದಲ್ಲಿ. 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯವು ಗುಜರಾತಿನ ಪ್ರಕರಣವೊಂದರಲ್ಲಿ ಅವರಿಗೆ ಉಪದಾನದ ಹಕ್ಕಿದೆಯೆಂದು ತೀರ್ಪಿತ್ತಿತು. ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ಅಂಗನವಾಡಿಯಲ್ಲಿ ನಡೆಯುವುದು ಶಿಕ್ಷಣದ ಕೆಲಸವೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು.