ಸಭಾಮರ್ಯಾದೆ

ನಮ್ಮ ನ್ಯಾಯಶಾಸ್ತ್ರಕಾರರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಬೇಕೆಂದು ನಡೆಯುವುದು ವಾದ. ಗೆಲ್ಲಬೇಕೆಂಬುದೊಂದೇ ಗುರಿಯಾದರೆ ಅದು ಜಲ್ಪ. ತನ್ನದೆಂಬ ಪಕ್ಷವನ್ನೇ ನಿಲ್ಲಿಸದೆ ಎದುರಾಳಿಯದನ್ನು ಕೆಡಹುವುದಷ್ಟೇ ಉದ್ದೇಶವಾದರೆ ಅದು ವಿತಂಡ. ಊರಿನ ಸಂಘದಲ್ಲಿ ರಾಜಕೀಯದ ಮಾತು ಎದ್ದೊಡನೆ ವಾದವು ಜಲ್ಪವಾಗಿ, ಜಲ್ಪವು ವಿತಂಡವಾಗಿ, ಕಡೆಗೆ ನೆರೆಹೊರೆಯವರು ಮುಖ ನೋಡದಂತಾಗುವುದನ್ನು ನಾವೆಲ್ಲ ಬಲ್ಲೆವು. ಇದಕ್ಕೆ ಅಂಜಿ, ರಾಜಕೀಯವನ್ನೇ ಎತ್ತಕೂಡದೆಂದು ಕಟ್ಟುಮಾಡುವ ಸಂಘಗಳೂ ಉಂಟು. ಆದರೆ ಬಾಯಿಗೆ ಬೀಗ ಹಾಕುವುದು ಮರ್ಯಾದೆಯಲ್ಲ. ಮಾತೂ ಇರಬೇಕು, ಮಾತಿಗೊಂದು ಕಟ್ಟಳೆಯೂ ಇರಬೇಕು. ಎರಡೂ ಕೂಡಿ ಇರಬಲ್ಲುವೆಂಬುದಕ್ಕೆ ನಮ್ಮ ಸಂವಿಧಾನ ಸಭೆಯ ಚರಿತ್ರೆಯೇ ಸಾಕ್ಷಿ.

ಈ ಸಭೆ ದೆಹಲಿಯಲ್ಲಿ ಮೊದಲು ಕೂಡಿದ್ದು 1946ರ ಡಿಸೆಂಬರ್ 9ರಂದು. ಆ ವರ್ಷವೇ ಕಲ್ಕತ್ತೆ, ನವಖಾಲಿ, ಬಿಹಾರಗಳಲ್ಲಿ ರಕ್ತ ಹರಿದಿತ್ತು. ಮುಸ್ಲಿಂ ಲೀಗಿನ ಸದಸ್ಯರು ಸಭೆಗೆ ಬರಲಿಲ್ಲ. ಇಂಥ ಹೊತ್ತಿನಲ್ಲಿ, 13ರಂದು, ಜವಾಹರಲಾಲ್ ನೆಹರೂ ಅವರು ಧ್ಯೇಯಗಳ ನಿರ್ಣಯವನ್ನು ಮಂಡಿಸಿದರು. ಲೀಗಿನವರೂ ದೇಶೀಯ ಸಂಸ್ಥಾನಗಳ ಪ್ರತಿನಿಧಿಗಳೂ ಬರುವ ತನಕ ಇದನ್ನು ತಡೆದಿಡಬೇಕೆಂದು ಎಂ. ಆರ್. ಜಯಕರರು ತಿದ್ದುಪಡಿ ತಂದರು. ಕಾಂಗ್ರೆಸ್ಸಿಗೆ ಭಾರಿ ಬಹುಮತವಿದ್ದ ಸಭೆಗೆ ಈ ಮಾತು ರುಚಿಸಲಿಲ್ಲ.

17ರಂದು ಅಧ್ಯಕ್ಷರಾದ ಡಾ. ರಾಜೇಂದ್ರ ಪ್ರಸಾದರು ಡಾ. ಅಂಬೇಡ್ಕರರನ್ನು ಮಾತಿಗೆ ಕರೆದರು. ತಮಗಿಂತ ಮುಂಚೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಇದ್ದಾರೆಂದು ತಿಳಿದಿದ್ದ ಅವರಿಗೆ ಈ ಕರೆ ಅನಿರೀಕ್ಷಿತ. ಅನೇಕ ವರ್ಷಗಳಿಂದ ಕಾಂಗ್ರೆಸ್ಸಿನ ಕಟುವಿಮರ್ಶಕರಾಗಿದ್ದವರು ಅವರು. ಹಳೆಯ ಲೆಕ್ಕ ತೀರಿಸಲು ಅದು ಒದಗಿದ ಸಮಯವೇ. ಅವರು ಹಾಗೆ ಮಾಡಲಿಲ್ಲ. ನಿರ್ಣಯದಲ್ಲಿ ಹಕ್ಕುಗಳ ಮಾತುಂಟು, ಹಕ್ಕು ತಪ್ಪಿದರೆ ಪರಿಹಾರವೇನೆಂಬ ಮಾತಿಲ್ಲ ಎಂದು ಕೊರತೆಯನ್ನು ತೋರಿಸಿದರು. ಬಳಿಕ ಜಯಕರರ ಪಕ್ಷವನ್ನು ಹಿಡಿದರು. ನಿರ್ಣಯವನ್ನು ಅಂಗೀಕರಿಸಲು ಸಭೆಗೆ ಅಧಿಕಾರ ಇದೆಯೇ ಎಂಬುದು ಒಂದು ಪ್ರಶ್ನೆ, ಈಗಲೇ ಅಂಗೀಕರಿಸುವುದು ವಿವೇಕವೇ ಎಂಬುದು ಬೇರೊಂದು ಪ್ರಶ್ನೆ ಎಂದು ವಿಂಗಡಿಸಿ ಹೇಳಿದರು. ಯಾರ ಉದ್ದೇಶವನ್ನೂ ಹಳಿಯದ ಆ ಭಾಷಣವನ್ನು ಸಭೆ ಮೌನವಾಗಿ ಆಲಿಸಿತು.

ನಿರ್ಣಯವು ಆ ಡಿಸೆಂಬರಿನಲ್ಲಿ ಮತಕ್ಕೆ ಹೋಗಲಿಲ್ಲ. ಸದಸ್ಯರೆಲ್ಲರೂ ಎದ್ದು ನಿಂತು ಅದನ್ನು ಅಂಗೀಕರಿಸಿದ್ದು 1947ರ ಜನವರಿ 22ರಂದು. ಕಾದರೂ ಲೀಗು ಬರಲಿಲ್ಲ, ನಿಜ. ಆದರೆ ಬಾರದವರಿಗಾಗಿ ಬಾಗಿಲು ತೆರೆದಿಟ್ಟಿದ್ದೆವೆಂಬ ನೆಮ್ಮದಿ ಸಭೆಗೆ ಉಳಿಯಿತು. ಅದೇ ವರ್ಷದ ಆಗಸ್ಟ್ 29ರಂದು ನೇಮಕವಾದ ಕರಡು ಸಮಿತಿಗೆ ಅಂಬೇಡ್ಕರರೇ ಅಧ್ಯಕ್ಷರಾದರು. ಎದುರು ಮಾತಾಡಿದವರನ್ನು ಹೊರಗಟ್ಟಿದ್ದರೆ ದೇಶಕ್ಕಾಗುತ್ತಿದ್ದ ನಷ್ಟವನ್ನು ಓದುಗರೇ ಊಹಿಸಲಿ.

ಇನ್ನೊಂದು ಪ್ರಸಂಗ 1949ರ ಅಕ್ಟೋಬರ್ 17ರದು. ಸಂವಿಧಾನದ ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು, ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದಿಂದ ಆಯ್ಕೆಯಾಗಿದ್ದ ಎಚ್. ವಿ. ಕಾಮತರು ಸೂಚಿಸಿದರು. ಇದು ನಂಬಿಕೆಯ ಸ್ವಾತಂತ್ರ್ಯಕ್ಕೆ ಹೊಂದದೆಂದು ಹೃದಯನಾಥ ಕುಂಜ್ರೂ ಅವರು ವಿರೋಧಿಸಿದರು. ದೇವರನ್ನು ಮತಕ್ಕೆ ಹಾಕಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಕೇಳಿಕೊಂಡರು. ಕಾಮತರು ಹಿಂದೆಗೆಯಲಿಲ್ಲ. ಅಧ್ಯಕ್ಷರು ಸ್ವತಃ ದೈವಭಕ್ತರು. ಆದರೂ ಪದ್ಧತಿಯಂತೆ ಮತ ಎಣಿಸಿದರು. ಪರವಾಗಿ 41, ವಿರೋಧವಾಗಿ 68. ಮನಸ್ಸನ್ನು ಕದಡಬಲ್ಲ ವಿಷಯ ಹೀಗೆ ಇತ್ಯರ್ಥವಾಯಿತು. ಸೋತವರು ಸಭೆಯನ್ನು ಬಿಟ್ಟು ಹೋಗಲಿಲ್ಲ, ಗೆದ್ದವರು ಅವರ ಭಕ್ತಿಯನ್ನು ಗೇಲಿಮಾಡಲಿಲ್ಲ.

ಕೆಲಸವೆಲ್ಲ ಮುಗಿಯುತ್ತ ಬಂದಾಗ, ಆ ವರ್ಷದ ನವೆಂಬರ್ 25ರಂದು, ಅಂಬೇಡ್ಕರರು ತಮ್ಮ ಕರಡನ್ನು ಹೆಜ್ಜೆಹೆಜ್ಜೆಗೂ ಪ್ರಶ್ನಿಸಿದ ಕಾಮತ್, ಕುಂಜ್ರೂ, ಕೆ. ಟಿ. ಷಾ ಮೊದಲಾದವರ ಹೆಸರೆತ್ತಿ ಕೃತಜ್ಞತೆ ಹೇಳಿದರು. ಅವರು ಪ್ರಶ್ನಿಸದಿದ್ದರೆ ಸಂವಿಧಾನದ ತತ್ತ್ವಗಳನ್ನು ವಿವರಿಸುವ ಅವಕಾಶವೇ ಒದಗುತ್ತಿರಲಿಲ್ಲವೆಂಬುದು ಅವರ ಭಾವ. ಅದೇ ಭಾಷಣದಲ್ಲಿ, ಸಂವಿಧಾನಬದ್ಧ ಮಾರ್ಗ ತೆರೆದಿರುವಾಗ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ಅರಾಜಕತೆಗೆ ಎಡೆಗೊಡುವುದೆಂದೂ, ರಾಜಕೀಯದಲ್ಲಿ ವ್ಯಕ್ತಿಪೂಜೆ ಕೇಡಿನ ದಾರಿಯೆಂದೂ ಎಚ್ಚರಿಸಿದರು.

ಆ ಸಭೆ ರೂಪಿಸಿದ ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರಿಗೆ ವಾಕ್ಸ್ವಾತಂತ್ರ್ಯವನ್ನು ಕೊಟ್ಟಿದೆ. ಮಾನಹಾನಿ, ಅಶ್ಲೀಲತೆ, ಸಾರ್ವಜನಿಕ ಶಾಂತಿಗೆ ಭಂಗ, ಅಪರಾಧಕ್ಕೆ ಪ್ರಚೋದನೆ, ಇಂಥವನ್ನು ತಡೆಯಲು ಕಾನೂನು ಯುಕ್ತವಾದ ಮಿತಿ ಹಾಕಬಹುದೆಂದೂ ಅದೇ ಅನುಚ್ಛೇದ ಹೇಳುತ್ತದೆ. ಬಡಾವಣೆಯ ಸಂಘವಾಗಲಿ, ವಾಚನಾಲಯದ ಕಟ್ಟೆಯಾಗಲಿ ಈ ಎರಡು ಮಾತುಗಳ ಹೊರಗಿಲ್ಲ.

ಹಾಗಾದರೆ ನಮ್ಮ ಸಂಘಗಳು ಮಾಡತಕ್ಕದ್ದೇನು? ಅಧ್ಯಕ್ಷರನ್ನು ಸಂಬೋಧಿಸಿಯೇ ಮಾತಾಡುವುದು. ನೀತಿಯನ್ನು ಟೀಕಿಸುವುದು, ಜಾತಿಯನ್ನೂ ಮನೆತನವನ್ನೂ ಎತ್ತದಿರುವುದು. ಆಧಾರವಿಲ್ಲದೆ ಯಾರ ಮೇಲೂ ಆರೋಪ ಹೊರಿಸದಿರುವುದು. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ತಾಳುವುದು. ಅಧ್ಯಕ್ಷರಾದವರು ತಮ್ಮ ಪಕ್ಷದವರನ್ನೂ ಎದುರುಪಕ್ಷದವರನ್ನೂ ಒಂದೇ ಧ್ವನಿಯಲ್ಲಿ ತಡೆಯುವುದು. ಇವನ್ನೆಲ್ಲ ಮೊದಲೇ ಬರೆದು, ಸದಸ್ಯರ ಒಪ್ಪಿಗೆ ಪಡೆದು, ಗೋಡೆಗೆ ಹಚ್ಚಿದರೆ ಒಳಿತು. ಜಗಳ ಹತ್ತಿದ ಮೇಲೆ ಮಾಡಿದ ನಿಯಮವನ್ನು ಯಾರೂ ನಿಷ್ಪಕ್ಷಪಾತವೆಂದು ನಂಬುವುದಿಲ್ಲ. ಇಷ್ಟು ನಡೆದರೆ ನಮ್ಮ ಊರುಗಳಲ್ಲಿಯೂ ವಾದವು ವಾದವಾಗಿಯೇ ಉಳಿದೀತು.